ಚಕ್ಕೋತದ ಘಮವಿರುವ ಜಪಾನಿ ಬಿಳಿ ವೈನ್: ಶಾತೋ ಮರ್ಸಿಯನ್‌ನ ‘ಕೋಶು ಕೀರೋಕಾ’

ಲೋಟಕ್ಕೆ ಬಗ್ಗಿಸಿದ ಕೂಡಲೇ ಮೂಗಿಗೆ ತಾಗುವುದು ಚಕ್ಕೋತ. ದೇವನಹಳ್ಳಿ ಚಕ್ಕೋತದ ಸಿಪ್ಪೆಗೆ ಉಗುರು ಊರಿದಾಗ ಎಣ್ಣೆ ಚಿಮ್ಮುತ್ತದಲ್ಲ, ಥೇಟ್ ಅದೇ ಘಮ. ಬಣ್ಣ ತೀರಾ ತೆಳು, ಅಂಚಿನಲ್ಲಿ ತುಸು ಹಸಿರು ಛಾಯೆ. ಆಲ್ಕೋಹಾಲ್ ಸುಮಾರು ಶೇ. 11. ಜಪಾನಿನ ಯಾಮಾನಾಶಿ ಪ್ರಾಂತ್ಯದ ಕೋಶು ದ್ರಾಕ್ಷಿಯಿಂದ ಇಷ್ಟು ಸುವಾಸನೆ ಬರಬಹುದೆಂದು ಈ ವೈನ್ ಬರುವ ತನಕ ಹೆಚ್ಚಿನವರು ನಂಬಿರಲಿಲ್ಲ.

ಕೋಶು ಬಿಳಿ ದ್ರಾಕ್ಷಿಯಲ್ಲ. ನಸುಗೆಂಪು ಬೂದಿ ಬಣ್ಣದ ದಪ್ಪ ಸಿಪ್ಪೆ ಅದರದು. ನಮ್ಮ ಬೆಂಗಳೂರು ಬ್ಲೂ ಹಾಗೆಯೇ ಚಪ್ಪರದ ಮೇಲೆ ಹಬ್ಬಿಸುತ್ತಾರೆ. ಮಳೆ ನೀರು ಗೊಂಚಲಿಗೆ ಇಳಿಯದಂತೆ ಒಂದೊಂದಕ್ಕೂ ಕಾಗದದ ಟೋಪಿ ತೊಡಿಸುವ ತೋಟಗಳೂ ಇವೆ. ಅದೇ ಪ್ರಾಂತ್ಯದ ಕಾತ್ಸುನುಮಾದ ಕಂಪನಿಯೊಂದು 1877ರಲ್ಲೇ ಇಬ್ಬರು ಯುವಕರನ್ನು ವೈನ್ ಕಲಿಯಲು ಫ್ರಾನ್ಸ್‌ಗೆ ಕಳಿಸಿತ್ತು. ಆದರೂ ಈ ಹಣ್ಣು ಸುಲಭಕ್ಕೆ ಒಲಿಯಲಿಲ್ಲ. ಸಕ್ಕರೆ ಕಡಿಮೆ, ಸಿಪ್ಪೆಯಲ್ಲಿ ಒಗರು, ರಸಕ್ಕೆ ಗಾಳಿ ತಾಗಿದರೆ ಕಂದು ಬಣ್ಣ. 1980ರ ದಶಕದಲ್ಲಿ ಈ ವೈನಿನ ತಯಾರಕ ಮರ್ಸಿಯನ್ ಕಂಪನಿ, ವೈನ್ ಅನ್ನು ಯೀಸ್ಟ್ ಗಸಿಯ ಮೇಲೆಯೇ ಚಳಿಗಾಲ ಕಳೆಯಲು ಬಿಡುವ ‘ಸೂರ್ ಲೀ’ ಪದ್ಧತಿಯನ್ನು ಕೋಶುವಿಗೆ ಅಳವಡಿಸಿತು, ಅಕ್ಕಪಕ್ಕದವರಿಗೂ ಹೇಳಿಕೊಟ್ಟಿತು. ಅದರಿಂದ ವೈನ್ ಬಾಯಿ ತುಂಬುವಂತಾಯಿತು. ಪರಿಮಳದ ಕೊರತೆ ಮಾತ್ರ ಉಳಿಯಿತು.

ಆ ಗಂಟನ್ನು ಬಿಡಿಸಿದ್ದು ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ವಿಜ್ಞಾನಿ ತಕಾತೋಶಿ ತೊಮಿನಾಗಾ ಜೊತೆ ಮರ್ಸಿಯನ್ ನಡೆಸಿದ ಸಂಶೋಧನೆ. ಚಕ್ಕೋತದ ಜಾತಿಯ ಘಮ ಕೊಡುವ ಗಂಧಕಯುಕ್ತ ಸಂಯುಕ್ತ, 3-ಮರ್ಕ್ಯಾಪ್ಟೋಹೆಕ್ಸನಾಲ್, ಕೋಶುವಿನಲ್ಲೂ ಸಿಕ್ಕಿತು. ಇದರ ಮೂಲದ್ರವ್ಯಕ್ಕೆ ಹಣ್ಣಿನಲ್ಲಿ ವಾಸನೆಯೇ ಇಲ್ಲ. ಹುದುಗುವಾಗ ಯೀಸ್ಟ್ ಅದನ್ನು ಒಡೆದು ಘಮವನ್ನು ಹೊರಗೆಡಹುತ್ತದೆ. ತಾಮ್ರ ಎದುರಾದರೆ ಆ ಘಮ ಅದಕ್ಕೆ ಅಂಟಿಕೊಂಡು ಅಡಗಿಹೋಗುತ್ತದೆ. ತಾಮ್ರ ಬರುತ್ತಿದ್ದುದು ಎಲ್ಲಿಂದ? ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದಿಂದ! ಹಾಗಾಗಿ ಈ ವೈನಿನ ದ್ರಾಕ್ಷಿಗೆ ಬೋರ್ಡೋ ಸಿಂಪಡಣೆಯನ್ನು ಬಿಟ್ಟರು. ಮಳೆ, ಸೆಕೆ ಎರಡೂ ಜೋರಾಗಿರುವ ಯಾಮಾನಾಶಿಯಲ್ಲಿ ಬೂಜು ತುಪ್ಪಟ ರೋಗಕ್ಕೆ ಹೀಗೆ ಬಾಗಿಲು ತೆರೆದಿಡುವುದು ಸಣ್ಣ ಧೈರ್ಯವಲ್ಲ. ಕೊಯ್ಲನ್ನೂ ಮುಂಚಿತಗೊಳಿಸಿದರು, ಏಕೆಂದರೆ ಪೂರ್ತಿ ಹಣ್ಣಾಗುವ ಹೊತ್ತಿಗೆ ಮೂಲದ್ರವ್ಯ ಇಳಿದಿರುತ್ತದೆ. ಇನ್ನು ಹಿಂಡುವ ಹಂತದ ಇಕ್ಕಟ್ಟು: ಮೂಲದ್ರವ್ಯ ಇರುವುದು ಸಿಪ್ಪೆಯ ಬಳಿ, ಒಗರು ಇರುವುದೂ ಅಲ್ಲೇ. ಹೆಚ್ಚು ಒತ್ತಿದರೆ ಕಹಿ, ಕಡಿಮೆ ಒತ್ತಿದರೆ ಸಪ್ಪೆ. ಇಡೀ ಕೆಲಸದಲ್ಲಿ ರಸಕ್ಕೆ ಗಾಳಿ ತಾಗಕೂಡದು. 2004ರ ಕೊಯ್ಲಿನ ಮೊದಲ ಕೀರೋಕಾ ಮರುವರ್ಷ ಮಾರುಕಟ್ಟೆಗೆ ಬಂತು.

ಬಾಯಿಗೆ ಹುಳಿ ಚುರುಕು, ಮೈ ಹಗುರ. ಮೂಗು ಕೊಟ್ಟ ಭರವಸೆಯನ್ನು ನಾಲಗೆಯ ನಡುಭಾಗ ಪೂರ್ತಿ ಉಳಿಸಿಕೊಡುವುದಿಲ್ಲ, ಅದೇ ಇದರ ಕೊರತೆ. ಕೊನೆಯಲ್ಲಿ ಸಿಪ್ಪೆಯ ಸಣ್ಣ ಕಹಿ ಉಳಿಯುತ್ತದೆ. ಊಟದ ಜೊತೆ ಅದು ಹಿತ. ಮೈ ತುಂಬಿದ ಕೋಶು ಬೇಕೆನ್ನುವವರು ಯಾಮಾನಾಶಿಯದೇ ಇನ್ನೊಂದು ಕಂಪನಿ ಗ್ರೇಸ್ ವೈನ್‌ನ ‘ಕ್ಯುವೆ ಮಿಸಾವಾ ಅಕೆನೋ ಕೋಶು’ ನೋಡಬೇಕು. ಚಪ್ಪರ ಬಿಟ್ಟು ಸಾಲುತಂತಿಗೆ ಬಳ್ಳಿ ಕಟ್ಟಿ ಬೆಳೆಸಿದ ಹಣ್ಣಿನದು ಅದು. 2013ರ ಕೊಯ್ಲಿಗೆ ಮರುವರ್ಷ ಬ್ರಿಟನ್ನಿನ ಡಿಕ್ಯಾಂಟರ್ ಪತ್ರಿಕೆಯ ವೈನ್ ಸ್ಪರ್ಧೆಯಲ್ಲಿ ಚಿನ್ನ ಬಂದಿತ್ತು. ಘಮವೇ ಮುಖ್ಯ ಎನ್ನುವವರಿಗೆ ಕೀರೋಕಾವನ್ನೇ ಹೇಳುತ್ತೇವೆ.

ಜಪಾನಿನಲ್ಲಿ ಕೊಳ್ಳುವವರು ಲೇಬಲ್ಲಿನಲ್ಲಿ ‘ನಿಹೊನ್ ವೈನ್’ ಎಂದಿದೆಯೇ ನೋಡಿ. 2018ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮದಂತೆ, ಜಪಾನಿನಲ್ಲೇ ಬೆಳೆದ ದ್ರಾಕ್ಷಿಯಿಂದ ಅಲ್ಲೇ ತಯಾರಾದ ವೈನಿಗಷ್ಟೇ ಆ ಹೆಸರು. ಹೊರಗಿನಿಂದ ತಂದ ಗಟ್ಟಿರಸ ಬೆರೆಸಿದ್ದಕ್ಕೆ ಸಲ್ಲದು.

ಮೀನಿಗೆ ಇದು ಒಳ್ಳೆಯ ಜೊತೆ. ವೈನಿನಲ್ಲಿರುವ ಕಬ್ಬಿಣದ ಅಂಶವೇ ಮೀನು, ಚಿಪ್ಪುಗಳ ಜೊತೆ ಸೇರಿ ಬಾಯಲ್ಲಿ ನೀಚು ವಾಸನೆ ಎಬ್ಬಿಸುತ್ತದೆಂದು ಮರ್ಸಿಯನ್ ಸಂಶೋಧಕರೇ 2009ರಲ್ಲಿ ತೋರಿಸಿದ್ದರು. ಕೋಶುವಿನಲ್ಲಿ ಆ ಅಂಶ ಕಡಿಮೆ. ಉಪ್ಪು, ನಿಂಬೆ ಹಿಂಡಿ ಹುರಿದ ಕಾಣೆ, ನೀರುದೋಸೆ ಇದ್ದರೆ ಸಾಕು. ಬ್ಯಾಡಗಿ-ಹುಣಸೆಯ ಗಸಿಯ ಮುಂದೆ ಇದು ಮುಳುಗಿಹೋಗುತ್ತದೆ. 10 ಡಿಗ್ರಿಯ ಆಸುಪಾಸಿನಲ್ಲಿ ಕುಡಿಯಿರಿ, ಐಸ್‌ನಷ್ಟು ತಣ್ಣಗಾದರೆ ಘಮ ಮುದುಡುತ್ತದೆ. ವರ್ಷಗಟ್ಟಲೆ ಕೂಡಿಡುವ ವೈನ್ ಇದಲ್ಲ. ಬಾಟಲಿ ತೆರೆದ ಮೇಲಂತೂ ಮರುದಿನದೊಳಗೆ ಮುಗಿಸಿ, ಗಾಳಿ ಮೊದಲು ಕದಿಯುವುದು ಚಕ್ಕೋತವನ್ನೇ.