ಒಂದೇ ಪಟ್ಟಿ, ಮೂರು ಬಿಲ್ ಕೌಂಟರ್

ನಮ್ಮ ಮನೆ ಮುಂಬೈಯ ಸಯನ್‌ನಲ್ಲಿ. ತಿಂಗಳ ದಿನಸಿಗೆ ಮೂರು ಕಡೆ ಹೋಗಬಹುದು: ಒಂದು ದೊಡ್ಡ ಸೂಪರ್‌ಮಾರ್ಕೆಟ್, ಸ್ಟೇಷನ್ ಹತ್ತಿರದ ಸಣ್ಣದು, ಮಾಟುಂಗಾ ಪೂರ್ವದ ಕಿರಾಣಿ ಅಂಗಡಿ. ಮೂರು ತಿಂಗಳು, ಮೊದಲ ಭಾನುವಾರ ಸಂಜೆ, ಒಂದೇ ಪಟ್ಟಿ ಹಿಡಿದು ಒಂದೊಂದು ಕಡೆ ಹೋದೆ. ರೇಟು ಎಲ್ಲರೂ ನೋಡುತ್ತಾರೆ. ನಾನು ನೋಡಿದ್ದು ಬಿಲ್ ಆಗಲು ಎಷ್ಟು ಹೊತ್ತು ಬೇಕು, ತಪ್ಪಾದರೆ ಸರಿ ಮಾಡುವವರು ಯಾರು ಅಂತ.

ದೊಡ್ಡ ಅಂಗಡಿಯಲ್ಲಿ ಸಾಮಾನು ಆರಿಸಲು 25 ನಿಮಿಷ, ಬಿಲ್ಲಿಗೆ 50 ನಿಮಿಷ. ಕೌಂಟರ್ 11 ಇವೆ, ತೆರೆದಿದ್ದು ನಾಲ್ಕೇ. ಸಂಬಳ ಬಂದ ವಾರ, ಅದೂ ಭಾನುವಾರ. ಜನ ಬರುತ್ತಾರೆ ಅಂತ ಅವರಿಗೆ ಗೊತ್ತಿರಬೇಕು ಅಲ್ವಾ? ನನ್ನ ಸರದಿ ಬಂದಾಗ ಕಡಲೆಬೇಳೆಗೆ 118 ರೂಪಾಯಿ ಬಿತ್ತು. ಶೆಲ್ಫ್ ಮೇಲಿನ ಚೀಟಿಯಲ್ಲಿ 92 ಇತ್ತು. ಕೌಂಟರಿನ ಹುಡುಗಿಗೆ ಅದನ್ನು ಬಿಲ್ಲಿನಿಂದ ತೆಗೆಯಲು ಆಗಲಿಲ್ಲ. ಅದಕ್ಕೆ ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಬೇಕು. ನಾಲ್ಕು ಕೌಂಟರಿಗೂ ಒಬ್ಬರೇ ಸೂಪರ್‌ವೈಸರ್. ಅವಳು ಮೂರು ಸಲ ಕೂಗಿದಳು. ಹಿಂದೆ ನಿಂತವರು ಅವಳ ಮೇಲೆಯೇ ರೇಗಿದರು. ನನಗೆ ಬಹಳ ಬೇಜಾರಾಯಿತು. ಆಳು ಕಡಿಮೆ ಇಟ್ಟವರು ಒಳಗೆಲ್ಲೋ ಇದ್ದಾರೆ, ಬೈಗುಳ ತಿನ್ನುವವಳು ಇವಳು. ಮಧ್ಯಾಹ್ನ ಎರಡರಿಂದ ನಿಂತೇ ಇದ್ದೀನಿ ಅಂದಳು. ಕೂರಲು ಒಂದು ಸ್ಟೂಲೂ ಇರಲಿಲ್ಲ. ಅಂಗಡಿಯಲ್ಲಿ ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಇಲ್ಲಿಯೂ ಕೂರುವ ವ್ಯವಸ್ಥೆ ಬೇಕು.

ಅಷ್ಟರ ಮೇಲೆ ಮೊಬೈಲ್ ನಂಬರ್ ಕೇಳಿದರು. ಬಿಲ್ಲಿಗೆ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ನಾನು ಕೊಡಲಿಲ್ಲ, ಬಿಲ್ ಆಯಿತು. ನೀವೂ ಧೈರ್ಯವಾಗಿ ಬೇಡ ಅನ್ನಿ.

ಸಣ್ಣ ಸೂಪರ್‌ಮಾರ್ಕೆಟ್‌ನಲ್ಲಿ ಕ್ಯೂ 15 ನಿಮಿಷ. ಮೂರರಲ್ಲಿ ಎರಡು ಕೌಂಟರ್ ತೆರೆದಿದ್ದವು, ಚೀಲಕ್ಕೆ ತುಂಬಿಕೊಡಲು ಒಬ್ಬ ಹುಡುಗನೂ ಇದ್ದ. ಆದರೆ ತರಕಾರಿ ತೂಕದ ಯಂತ್ರದ ಹತ್ತಿರ ಯಾರೂ ಇರಲಿಲ್ಲ. ಚೀಟಿ ಅಂಟಿಸಿಲ್ಲ ಅಂತ ಕೌಂಟರಿನಿಂದ ವಾಪಸ್ ಕಳಿಸಿದರು.

ಮಾಟುಂಗಾದಲ್ಲಿ ಪಟ್ಟಿ ಕೊಟ್ಟರೆ ಸಾಕು, ಹುಡುಗ ಒಂದೊಂದೇ ತಂದಿಡುತ್ತಾನೆ. 20 ನಿಮಿಷಕ್ಕೆ ಮುಗಿಯಿತು. ನನ್ನ ಅತ್ತೆಗೆ ಈ ಅಂಗಡಿಯೇ ಇಷ್ಟ, ಹೋದ ಕೂಡಲೇ ಅಂಗಡಿ ಮಾಲೀಕ ಶೇಟ್ ಅತ್ತೆಗೆ ಸ್ಟೂಲ್ ಹಾಕಿಸುತ್ತಾರೆ. ಮನೆಗೆ ಬಂದು ನೋಡಿದರೆ ಒಂದು ರವೆ ಪ್ಯಾಕೆಟ್ ಅವಧಿ ಮುಗಿದಿತ್ತು. ಫೋನ್ ಮಾಡಿದೆ. "ಭಾಭೀ, ತಪ್ಪಾಯ್ತು" ಅಂದರು. ರಾತ್ರಿಯೊಳಗೆ ಬೇರೆ ಪ್ಯಾಕೆಟ್ ಬಂತು. ಬಿಲ್ ತೋರಿಸಿ ಅನ್ನಲಿಲ್ಲ. ಅಸಲಿಗೆ ಅವರು ಕೊಟ್ಟಿದ್ದು ಬಿಲ್ ಅಲ್ಲ, ಬರೀ ಒಂದು ಚೀಟಿ, ಅದು ಸರಿಯಲ್ಲ. ಸರಿಯಾದ ಬಿಲ್ ಕೇಳಿ ಪಡೆಯಬೇಕು. ತಾರೀಖನ್ನೂ ಅಲ್ಲೇ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಶೇಟ್ ಗಲ್ಲಾ ಮುಂದೆ ಕೂತಿರುತ್ತಾರೆ, ಆ ಹುಡುಗ ಮಾತ್ರ ಇಲ್ಲೂ ನಿಂತೇ ಇರುತ್ತಾನೆ.

ಖರ್ಚು? ದೊಡ್ಡ ಅಂಗಡಿಯಲ್ಲಿ 3,860, ಸಣ್ಣದರಲ್ಲಿ 4,015, ಮಾಟುಂಗಾದಲ್ಲಿ 4,090. ಅಂದರೆ 230 ರೂಪಾಯಿ ಜಾಸ್ತಿ. ನನಗೆ ಅದು ಒಪ್ಪಿಗೆ. ಬೇಳೆ, ಅಕ್ಕಿ, ರವೆ ಈಗ ಮಾಟುಂಗಾದಿಂದಲೇ. ಸೋಪು, ಎಣ್ಣೆಯಂಥವಕ್ಕೆ ದೊಡ್ಡ ಅಂಗಡಿಗೆ ಹೋಗುತ್ತೇನೆ, ಆದರೆ ಮಂಗಳವಾರ ಬೆಳಿಗ್ಗೆ. ಹೋದ ವಾರ ಅಲ್ಲಿನ ದೂರು ಪುಸ್ತಕದಲ್ಲಿ ಎರಡು ಸಾಲು ಬರೆದು ಬಂದೆ: ಭಾನುವಾರ ಎಲ್ಲ ಕೌಂಟರ್ ತೆರೆಯಿರಿ, ಕೌಂಟರಿನವರಿಗೆ ಸ್ಟೂಲ್ ಕೊಡಿ. ಮುಂದಿನ ಮಂಗಳವಾರ ಹೋದಾಗ ಅದನ್ನೇ ಮ್ಯಾನೇಜರ್ ಹತ್ತಿರ ಕೇಳುತ್ತೇನೆ.