ಪ್ಯಾರಿಸ್‌ಗೆ ಹೋಗುವವರೇ, ದೊಡ್ಡ ರಸ್ತೆ ಖಾಲಿ ಕಂಡರೆ ಖುಷಿಪಡಬೇಡಿ

ಅಂಗಡಿಯ ಗಾಜಿಗೆ ಸಾಲಾಗಿ ಪ್ಲೈವುಡ್ ಹೊಡೆದಿದ್ದರೆ ಅದು ರಿಪೇರಿ ಕೆಲಸ ಅಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡಿದ್ದೆ.

2018ರ ಡಿಸೆಂಬರ್ 1, ಶನಿವಾರ. ಪ್ಯಾರಿಸ್‌ನಲ್ಲಿ ನಾನು ಮತ್ತು ಅಕ್ಕ. ಟ್ರೊಕಾಡೆರೊದಲ್ಲಿ ನಿಂತು ಐಫೆಲ್ ಗೋಪುರದ ಫೋಟೊ ತೆಗೆದಾಗಿತ್ತು. ಮುಂದಿನದು ಆರ್ಕ್ ದ ತ್ರಿಯೋಂಫ್. ನೆಪೋಲಿಯನ್ 1806ರಲ್ಲಿ ಕಟ್ಟಲು ಹೇಳಿ, ಮುಗಿದಿದ್ದನ್ನು ನೋಡದೇ ಸತ್ತುಹೋದ ಆ ಕಮಾನು. 50 ಮೀಟರ್ ಎತ್ತರ, 284 ಮೆಟ್ಟಿಲು. ಮೇಲಿಂದ ನೋಡಿದರೆ 12 ರಸ್ತೆಗಳು ನಕ್ಷತ್ರದ ಹಾಗೆ ಕಾಣುತ್ತವಂತೆ. ಮೂರು ತಿಂಗಳಿಂದ ಅದನ್ನೇ ಹೇಳಿ ಅಕ್ಕನ ತಲೆ ತಿಂದಿದ್ದೆ.

ಹೋಟೆಲಿನ ಹುಡುಗ ಬೆಳಿಗ್ಗೆಯೇ ಹೇಳಿದ್ದ, "ಇವತ್ತು ಶನಿವಾರ, ಆ ಕಡೆ ಬೇಡ" ಅಂತ. ಶನಿವಾರ ರಶ್ ಇರುತ್ತೆ ಅಂತ ಹೇಳ್ತಿದ್ದಾನೆ ಅಂದುಕೊಂಡೆವು. ಕಮಾನಿನ ಹತ್ತಿರದ ಮೆಟ್ರೋ ಸ್ಟೇಷನ್ ಮುಚ್ಚಿತ್ತು. ಸರಿ, ಅವೆನ್ಯೂ ಕ್ಲೆಬೇರ್ ಹಿಡಿದು ನಡೆದರೆ ಇಪ್ಪತ್ತು ನಿಮಿಷ ಅಂದೆ. ರಸ್ತೆಯಲ್ಲಿ ಒಂದೂ ಬಸ್ ಇಲ್ಲ. ಕೆಫೆಯವರು ಹೊರಗಿನ ಕುರ್ಚಿಗಳನ್ನೆಲ್ಲ ಒಳಗೆ ಎತ್ತಿಟ್ಟಿದ್ದರು. ಅಕ್ಕ "ಏನೋ ಸರಿಯಿಲ್ಲ ಕಣೋ" ಅಂದಳು. ನಾನು "ಜನ ಕಡಿಮೆ ಇದ್ದಾರೆ, ಫೋಟೊ ಚೆನ್ನಾಗಿ ಬರುತ್ತೆ" ಅಂದೆ. ಈ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಇಂಧನ ತೆರಿಗೆ ಏರಿಸುವುದರ ವಿರುದ್ಧ ನವೆಂಬರ್ 17ರಿಂದ ಪ್ರತಿ ಶನಿವಾರ ಅಲ್ಲಿ ಜನ ಬೀದಿಗೆ ಇಳಿಯುತ್ತಿದ್ದರು. ಗುರುತು ಹಳದಿ ಜಾಕೆಟ್. ಫ್ರಾನ್ಸ್‌ನಲ್ಲಿ ಪ್ರತಿ ಕಾರಿನಲ್ಲೂ ಅದು ಇರಲೇಬೇಕು ಅಂತ ಕಾನೂನು, ಹಾಗಾಗಿ ಯಾರೂ ಹೊಸದಾಗಿ ಕೊಳ್ಳಬೇಕಾಗಿಯೂ ಇರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆ ಹೊತ್ತಿಗೆ ಗೊತ್ತಿದ್ದಿದ್ದರೆ ಮೈಮೇಲೆ ಹಳದಿ ರೇನ್‌ಕೋಟ್ ಹಾಕಿಕೊಂಡು ಹೊರಡುತ್ತಿದ್ದೆನಾ!

ಕಮಾನು ಕಾಣುವಷ್ಟು ಹತ್ತಿರ ಹೋದಾಗ ಮೊದಲು ಸದ್ದು ಕೇಳಿತು. ಪಟಾಕಿ ಅನ್ನಿಸಿತು. ಆಮೇಲೆ ಬಿಳಿ ಹೊಗೆ. ಮುಖ ಮುಚ್ಚಿಕೊಂಡ ಇಬ್ಬರು ಹುಡುಗರು ಕಬ್ಬಿಣದ ಸಲಾಕೆ ಹಾಕಿ ನೆಲದ ಕಲ್ಲು ಮೀಟುತ್ತಿದ್ದರು. ಅವಸರವೇ ಇಲ್ಲ, ತೋಟದಲ್ಲಿ ಗೆಡ್ಡೆ ಅಗೆಯುವವರ ಹಾಗೆ. ಕಿತ್ತ ಕಲ್ಲನ್ನು ಪಕ್ಕದಲ್ಲಿ ಗುಡ್ಡೆ ಹಾಕುತ್ತಿದ್ದರು. ಆಗಲೇ ತಿರುಗಿ ಓಡಬೇಕಿತ್ತು ಅಲ್ವಾ? ನಾನು ಫೋನ್ ತೆಗೆದು ವಿಡಿಯೊ ಮಾಡಿದೆ. ಸುತ್ತ ಇನ್ನೂ ಹತ್ತು ಹದಿನೈದು ಜನ ಹಾಗೇ ನಿಂತಿದ್ದರು, ಅದೇ ಧೈರ್ಯ.

ಅಶ್ರುವಾಯು ಅಂದರೆ ಕಣ್ಣೀರು ಬರುವುದು, ಅಷ್ಟೇ ಅಂದುಕೊಂಡಿದ್ದೆ. ಒಣಮೆಣಸಿನಕಾಯಿ ಸೀದರೆ ಬರುವ ಘಾಟು ಗೊತ್ತಲ್ಲ, ಅದು ಗಂಟಲಲ್ಲೇ ಕೂತುಬಿಟ್ಟರೆ ಹೇಗಿರುತ್ತೆ ಹಾಗೆ. ಅಕ್ಕ ಲೆನ್ಸ್ ಹಾಕಿದ್ದಳು. "ಕಣ್ಣು ಬಿಡಕ್ಕಾಗ್ತಿಲ್ಲ ಕಣೋ" ಅಂತ ಕಿರುಚಿದಳು. ಕೈ ಹಿಡಿದು ಬಂದ ದಾರಿಯಲ್ಲೇ ಎಳೆದುಕೊಂಡು ಓಡಿದೆ. ಎಲ್ಲಾದರೂ ಒಳಗೆ ನುಗ್ಗೋಣ ಅಂದರೆ ಒಂದೇ ಒಂದು ಬಾಗಿಲು ತೆರೆದಿಲ್ಲ. ಅಂಗಡಿಗಳು ಶಟರ್ ಎಳೆದಿವೆ, ಮನೆಗಳ ಬೀದಿಬಾಗಿಲಿಗೆ ನಂಬರ್ ಒತ್ತುವ ಬೀಗ. ಅಷ್ಟು ದೊಡ್ಡ ಊರಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದೊಂದೇ ಉಳಿದಿತ್ತು. ಪಕ್ಕದಲ್ಲಿ ಒಂದು ಸ್ಕೂಟರ್ ಉರಿಯುತ್ತಿತ್ತು, ಸೀಟು ಕರಗಿ ತೊಟ್ಟಿಕ್ಕುತ್ತಿತ್ತು.

ಕೊನೆಗೆ ಒಂದು ಬಾಗಿಲು ಅರ್ಧ ತೆರೆಯಿತು. ವಯಸ್ಸಾದ ಹೆಂಗಸೊಬ್ಬರು ಅಕ್ಕನನ್ನು ಒಳಗೆ ಎಳೆದುಕೊಂಡರು. ನನ್ನನ್ನು ಮಾತ್ರ ತಡೆದು, ರೇನ್‌ಕೋಟ್ ತೋರಿಸಿ "ಜೋನ್! ಜೋನ್!" ಅಂದರು. ಹಳದಿ ಅಂತ. ಬಿಚ್ಚಿದ ಮೇಲೆಯೇ ಒಳಗೆ ಬಿಟ್ಟಿದ್ದು.

ಅವರ ಮನೆಯ ಸಿಂಕಿನಲ್ಲಿ ಅಕ್ಕ ಮೊದಲು ಸೋಪು ಹಾಕಿ ಕೈ ತೊಳೆದು ಲೆನ್ಸ್ ತೆಗೆದಳು. ಆಮೇಲೆ ಕಾಲು ಗಂಟೆ ಕಣ್ಣಿಗೆ ತಣ್ಣೀರು. ಉಜ್ಜಬೇಡ ಅಂತ ಆ ಅಜ್ಜಿ ಅವಳ ಎರಡೂ ಕೈ ಹಿಡಿದೇ ನಿಂತಿದ್ದರು. ಸಂಜೆ ಅವರದೇ ಟಿವಿಯಲ್ಲಿ ನೋಡಿದೆವು. ಜನ ಕಮಾನಿನ ಒಳಗೇ ನುಗ್ಗಿ ಪ್ರತಿಮೆ ಒಡೆದಿದ್ದರು. ಹೊರಗೆ ಕಲ್ಲಿನ ಮೇಲೆ "ಹಳದಿ ಜಾಕೆಟ್‌ನವರೇ ಗೆಲ್ಲುವುದು" ಅಂತ ಬಣ್ಣ ಹೊಡೆದಿದ್ದರು. ನಾವು ನಡೆದ ರಸ್ತೆಯಲ್ಲೇ ಕಾರುಗಳು ಸುಟ್ಟಿದ್ದವು. ಊರಲ್ಲಿ ಆ ದಿನ 400ಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದಿದ್ದರು.

ಹೋಗುವವರು ಇಷ್ಟು ಮಾಡಿ. ಹಿಂದಿನ ರಾತ್ರಿ ಯಾವ ಮೆಟ್ರೋ ಸ್ಟೇಷನ್ ಮುಚ್ಚುತ್ತಾರೆ ನೋಡಿ. ಒಂದೇ ಜಾಗದ ಸುತ್ತ ಮೂರ್ನಾಲ್ಕು ಮುಚ್ಚಿದ್ದರೆ ಆ ದಿನ ಆ ಕಡೆ ತಲೆ ಹಾಕಬೇಡಿ, ಟಿಕೆಟ್ ದುಡ್ಡು ಹೋದರೆ ಹೋಗಲಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಗಲಭೆ ಬಗ್ಗೆ ಏನು ಬರೆದಿದೆ ಓದಿಕೊಳ್ಳಿ, ಹಲವು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ. ಲೆನ್ಸ್ ಹಾಕುವವರು ಬ್ಯಾಗಿನಲ್ಲಿ ಕನ್ನಡಕ ಇಟ್ಟುಕೊಳ್ಳಿ. ತುರ್ತು ನಂಬರ್ 112. ಹೋಟೆಲಿನ ಹುಡುಗ ಬೇಡ ಅಂದರೆ ಯಾಕೆ ಅಂತ ಇನ್ನೊಂದು ಸಲ ಕೇಳಿ.

ಕಮಾನು ಅದಾದ ಮೇಲೆ ಎಷ್ಟೋ ದಿನ ಮುಚ್ಚಿತ್ತು, ಅಷ್ಟರಲ್ಲಿ ನಾವು ವಾಪಸ್ ಬಂದಿದ್ದೆವು. ಆ ವಿಡಿಯೊ ಈಗಲೂ ಫೋನಿನಲ್ಲಿದೆ. ಹೊಗೆ, ನನ್ನ ಬೂಟು, ಅಕ್ಕನ ಬೈಗುಳ.