ಮೂರು ಹೊತ್ತಿನ ಪ್ರಾರ್ಥನೆಯ ಆ್ಯಪ್: ಶಿಫ್ಟ್ ಕೆಲಸದವರಿಗೂ ಒಗ್ಗುತ್ತದಾ?

ನಾನು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಇದ್ದರೆ ಚರ್ಚಿನ ಭಾನುವಾರದ ಆರಾಧನೆ ತಪ್ಪಿಹೋಗುತ್ತದೆ. ಹಾಗಾಗಿ ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಪ್ರಾರ್ಥನೆ ಮಾಡಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಈಗ ಅದು ನನ್ನ ದಿನದ ಭಾಗ. ಒಂದೇ ಒಂದು ವಿಷಯ ಮಾತ್ರ ಚೂರೂ ಹಿಡಿಸಿಲ್ಲ, ಅದನ್ನೂ ಹೇಳುತ್ತೇನೆ.

ಇದರ ನಿಜವಾದ ಬಲ ಬೈಬಲಿನ ಕೀರ್ತನೆಗಳು. ಎಷ್ಟೋ ಭಕ್ತಿ ಆ್ಯಪ್‌ಗಳಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಒಂದು ವಚನ, ಕೆಳಗೆ ಎರಡು ಸಾಲು ಧೈರ್ಯದ ಮಾತು, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. 1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಮಠಗಳ ಹಲವು ಹೊತ್ತಿನ ಪ್ರಾರ್ಥನೆಗಳನ್ನು ಬೆಳಗು, ಸಂಜೆ ಎಂಬ ಎರಡಕ್ಕೆ ಇಳಿಸಿದರು. 150 ಕೀರ್ತನೆಗಳೂ ತಿಂಗಳಿಗೊಮ್ಮೆ ಪೂರ್ತಿ ಆಗುವಂತೆ ಹಂಚಿದರು. ಈ ಆ್ಯಪ್ ಅದೇ ಹಂಚಿಕೆಯನ್ನು ಹಿಡಿದಿದೆ. ಬೇಕಾದದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ. 17ನೇ ತಾರೀಖು ಬೆಳಿಗ್ಗೆ 88ನೇ ಕೀರ್ತನೆ ಬಂದೇ ಬರುತ್ತದೆ.

ಓದಿದವರಿಗೆ ಗೊತ್ತು, ಅದರಲ್ಲಿ ಸಮಾಧಾನದ ಕೊನೆ ಇಲ್ಲ. ಮೊರೆಯಿಟ್ಟು, ಮೊರೆಯಿಟ್ಟು, ಕತ್ತಲೆಯಲ್ಲೇ ನಿಲ್ಲುತ್ತದೆ. ಆ್ಯಪ್ ಅದಕ್ಕೆ ಯಾವ ಸಾಂತ್ವನವನ್ನೂ ಅಂಟಿಸಿಲ್ಲ. ಓದುವ ದನಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಮೌನ, ಆಮೇಲೆ ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ. ವಾರ್ಡಿನಲ್ಲಿ ಒಬ್ಬರು ತೀರಿಕೊಂಡ ರಾತ್ರಿ ಕಳೆದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅದನ್ನು ಕೇಳಿದ್ದೇನೆ. ಸ್ವಂತ ಮಾತಿನಲ್ಲಿ ಪ್ರಾರ್ಥಿಸುವ ಶಕ್ತಿ ಆಗ ಇರಲಿಲ್ಲ, ಬೇಕಾಗಲೂ ಇಲ್ಲ. ಇನ್ನೊಂದು ತಿಂಗಳು ಅದೇ ಕೀರ್ತನೆ ಬಂದಾಗ ನಾನು ನೆಮ್ಮದಿಯಾಗಿದ್ದೆ, ಹಾಸಿಗೆಯಲ್ಲಿದ್ದ ಒಬ್ಬ ರೋಗಿಯ ಪರವಾಗಿ ಹೇಳಿದೆ. ನಮ್ಮ ಮೂಡ್ ಕೇಳದೆ ಬರುವ ಕೀರ್ತನೆ ನಮ್ಮನ್ನು ಬೇರೆಯವರ ನೋವಿನ ಪಕ್ಕ ನಿಲ್ಲಿಸುತ್ತದೆ. ಇಷ್ಟಕ್ಕೇ ಈ ಆ್ಯಪ್ ಹಾಕಿಕೊಳ್ಳಬಹುದು.

ರಾತ್ರಿಯ ಪ್ರಾರ್ಥನೆಗೆ ಮಾತ್ರ ದಿನವೂ ಅವೇ ಮೂರು: 4, 91, 134. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದ ನಿಯಮದಲ್ಲಿ ಮಲಗುವ ಮುಂಚಿನ ಪ್ರಾರ್ಥನೆಗೆ ಗೊತ್ತುಮಾಡಿದ್ದೂ ಇವನ್ನೇ. ಬದಲಾಗದ ಕಾರಣ ಬಾಯಿಪಾಠವಾಗಿಬಿಡುತ್ತವೆ. 134ರಲ್ಲಿ ಇರುವುದೇ ಮೂರು ವಚನ, ರಾತ್ರಿ ಹೊತ್ತು ಕರ್ತನ ಮನೆಯಲ್ಲಿ ನಿಂತು ಸೇವೆ ಮಾಡುವವರಿಗೆ ಹೇಳಿದ ಮಾತು. ನೈಟ್ ಡ್ಯೂಟಿಯಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೈ ತೊಳೆಯುತ್ತೇವಲ್ಲ, ಅಷ್ಟರಲ್ಲಿ ಹೇಳಿ ಮುಗಿಯುತ್ತದೆ. ಫೋನ್ ಬೇಡವೇ ಬೇಡ.

ಈಗ ಹಿಡಿಸದ ವಿಷಯ. ಸತತ ಎಷ್ಟು ದಿನ ಪ್ರಾರ್ಥಿಸಿದಿರಿ ಎಂದು ಆ್ಯಪ್ ಲೆಕ್ಕ ಇಡುತ್ತದೆ. ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ ಇಳಿಯುತ್ತದೆ, ಜೊತೆಗೊಂದು ಸಂದೇಶ. ಎರಡು ಶಿಫ್ಟ್ ಒಟ್ಟಿಗೆ ಮಾಡಿ ಬಂದು ಕುಸಿದು ಮಲಗಿದವರಿಗೆ ಇದು ಬೇಕಾ? ಕರ್ತನ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಅಂತ ಬೈಬಲಿನ ಪ್ರಲಾಪಗಳು ಪುಸ್ತಕದಲ್ಲಿ ಓದುವವರು ನಾವು. ಆ ಲೆಕ್ಕವನ್ನು ಗೆಳೆಯರಿಗೆ ಕಳಿಸುವ ಬಟನ್ ಬೇರೆ! ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದು ಯೇಸು ಹೇಳಿದ್ದಕ್ಕೆ ಇದು ನೇರ ಎದುರು. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಆಫ್ ಮಾಡಬಹುದು. ಇನ್‌ಸ್ಟಾಲ್ ಆದ ಕೂಡಲೇ ಮೊದಲು ಆ ಕೆಲಸ ಮಾಡಿ.

ಉಳಿದದ್ದು ಚೆನ್ನಾಗಿದೆ. ಓದುವವರಿಗೆ ಅವಸರವಿಲ್ಲ, ಆಡಿಯೋ ಡೌನ್‌ಲೋಡ್ ಮಾಡಿ ನೆಟ್ ಇಲ್ಲದೆಯೂ ಕೇಳಬಹುದು. ಹೊತ್ತುಗಳನ್ನು ನಾವೇ ಗೊತ್ತುಮಾಡಿಕೊಳ್ಳಬಹುದು, ಅಂದರೆ ಸಂಜೆ ಏಳುವವರಿಗೆ ಸಂಜೆಯೇ ಬೆಳಗಿನ ಪ್ರಾರ್ಥನೆ. 15ನೇ ತಾರೀಖು ಸಂಜೆಗೆ ಮಾತ್ರ ಬಿಡುವು ಇಟ್ಟುಕೊಳ್ಳಿ, ಆವತ್ತು 78ನೇ ಕೀರ್ತನೆ, 72 ವಚನ. ಹೊಸಬರು ಮೂರೂ ಹೊತ್ತು ಹಿಡಿಯುವ ಬದಲು ರಾತ್ರಿಯದರಿಂದ ಶುರುಮಾಡಿ, ಅದು ಬಾಯಿಗೆ ಬಂದ ಮೇಲೆ ಬೆಳಗಿನದನ್ನು ಸೇರಿಸಿಕೊಳ್ಳಿ.